ಒಂದೇ ಲಾಟು, ಎರಡು ವರದಿ: ಸೂರ್ಯಕಾಂತಿ ಮಾದರಿಯಲ್ಲಿ ವ್ಯತ್ಯಾಸ ಎಲ್ಲಿ ಹುಟ್ಟುತ್ತದೆ?

ಪಿಪೆಟ್‌ಹುಡುಗಿ ಕೇಳಿದ್ದು:

ನಮಸ್ಕಾರ. ನಾನು ಎಣ್ಣೆ ಗಿರಣಿಯೊಂದರ ಪ್ರಯೋಗಾಲಯಕ್ಕೆ ಹೊಸದಾಗಿ ಸೇರಿದವಳು. ಓದಿದ್ದು ರಸಾಯನಶಾಸ್ತ್ರ. ಎಣ್ಣೆಯ ಆಮ್ಲತೆ ನೋಡುವುದು, ಓವನ್‌ನಲ್ಲಿ ತೇವಾಂಶ ತೆಗೆಯುವುದು, ದ್ರಾವಕದಲ್ಲಿ ಎಣ್ಣೆ ಬಸಿಯುವುದು ಇವೆಲ್ಲ ಕೈಗೆ ಹತ್ತಿವೆ. ಕಾಳು ಮಾತ್ರ ನನಗೆ ಹೊಸದು, ಅದರ ಮಾದರಿಯನ್ನು ಹೇಗೆ ಸಿದ್ಧಪಡಿಸಬೇಕೆಂದು ಯಾರೂ ಕೂರಿಸಿಕೊಂಡು ಹೇಳಿಕೊಟ್ಟಿಲ್ಲ.

ಸಮಸ್ಯೆ ಹೀಗಿದೆ. 400 ಚೀಲಗಳ ಒಂದೇ ಲಾಟಿಗೆ ಎರಡು ವರದಿಗಳು ಬಂದಿವೆ. ನನ್ನ ವರದಿಯಲ್ಲಿ ಕಸ ಶೇ. 3.9, ತೇವಾಂಶ ಶೇ. 8.6, ಎಣ್ಣೆ ಶೇ. 41.8, ಹಾಳಾದ ಕಾಳು ಶೇ. 4. ಮಾರುವವರ ಕಡೆಯ ಪ್ರಯೋಗಾಲಯದ ವರದಿಯಲ್ಲಿ ಕಸ ಶೇ. 2.5, ತೇವಾಂಶ ಶೇ. 7.9, ಎಣ್ಣೆ ಶೇ. 43.9, ಹಾಳಾದ ಕಾಳು ಶೇ. 6. ಎರಡೂ ಕಡೆ ತಕ್ಕಡಿ, ಓವನ್ ಸರಿಯಾಗಿಯೇ ಇವೆ. ಹಾಗಾದರೆ ಯಾರದು ತಪ್ಪು?

ನಾನು ಮಾಡುವ ಕ್ರಮ: ಸುಮಾರು 2 ಕಿಲೋ ಮಾದರಿ ಬರುತ್ತದೆ. ಅದರಿಂದ ಕಾಂಡದ ತುಂಡು, ಹೂತಟ್ಟೆಯ ಚೂರುಗಳನ್ನು ಕೈಯಿಂದ ಆರಿಸಿ ತೂಗುತ್ತೇನೆ. ಈ ಸಲ 2000 ಗ್ರಾಂಗೆ 30 ಗ್ರಾಂ ಬಂದಿತು. ಉಳಿದದ್ದನ್ನು ಟ್ರೇಯಲ್ಲಿ ಕಲಸಿ, ಚಮಚದಿಂದ 100 ಗ್ರಾಂ ತೆಗೆದು, ಜರಡಿ ಹಿಡಿದು, ಕೈಯಿಂದಲೂ ಆರಿಸಿದೆ. ಅದರಲ್ಲಿ ಕಸ 2.4 ಗ್ರಾಂ. ಇದರಲ್ಲಿ ಎಲ್ಲಿ ತಿದ್ದಿಕೊಳ್ಳಬೇಕು?

ಗೋದಾಮುಬಾಗಿಲು ಬರೆದದ್ದು:

ಪ್ರಯೋಗಾಲಯದ ಬಾಗಿಲಿನಾಚೆ ನೋಡಿ ಮೇಡಂ. 400 ಚೀಲಗಳಲ್ಲಿ ಎಷ್ಟು ಚೀಲಕ್ಕೆ ಮಾದರಿ ತೆಗೆಯುವ ಕೊಳವೆ ಚುಚ್ಚಿದರು ಎಂದು ಮೊದಲು ಕೇಳಿ. ರೂಢಿಯಲ್ಲಿರುವ ಲೆಕ್ಕ ಇದು: 10 ಚೀಲದವರೆಗೆ ಪ್ರತಿಯೊಂದರಿಂದಲೂ, 10ರಿಂದ 100ರವರೆಗೆ ಯಾವುದಾದರೂ 10 ಚೀಲಗಳಿಂದ, 100 ದಾಟಿದರೆ ಒಟ್ಟು ಚೀಲಗಳ ವರ್ಗಮೂಲದಷ್ಟು. 400ಕ್ಕೆ 20 ಚೀಲ. ನಿಜದಲ್ಲಿ ಆಗುವುದೇನೆಂದರೆ, ಬಾಗಿಲ ಹತ್ತಿರ ಸೊಂಟದೆತ್ತರದಲ್ಲಿ ಇರುವ ಆರೇಳು ಚೀಲಗಳಿಗೆ ಚುಚ್ಚಿ ಮುಗಿಸುತ್ತಾರೆ. ಬಗ್ಗುವವರು ಇಲ್ಲ, ಹತ್ತುವವರು ಇಲ್ಲ.

ತಕ್ಕಡಿಮುಳ್ಳು ಬರೆದದ್ದು:

ಗೋದಾಮಿನವರು ಹೇಳಿದ್ದು ಸರಿ, ಆದರೆ ಅಲ್ಲಿಗೆ ನಿಲ್ಲಿಸಿದರೆ ಸಾಲದು. ಇಪ್ಪತ್ತು ಚೀಲಗಳಿಂದ ಚೊಕ್ಕವಾಗಿ ತಂದ ಮಾದರಿಯನ್ನು ಮೇಜಿನ ಮೇಲೆ ಐದು ನಿಮಿಷದಲ್ಲಿ ಕೆಡಿಸಬಹುದು. ಹೆಚ್ಚಿನ ಜಗಳಗಳು ಚೀಲಕ್ಕೂ ತಕ್ಕಡಿಗೂ ನಡುವಿನ ಆ ದೂರದಲ್ಲಿಯೇ ಹುಟ್ಟುತ್ತವೆ, ಪರೀಕ್ಷೆಯಲ್ಲಲ್ಲ.

ಸೂರ್ಯಕಾಂತಿ ಮುಟ್ಟಿದಷ್ಟೂ ಬೇರ್ಪಡುವ ಸರಕು. ತುಂಬಿದ ಕಾಳು ಜಾರುತ್ತದೆ, ಜೊಳ್ಳು ತೇಲುತ್ತದೆ, ಒಡೆದ ಸಿಪ್ಪೆ ಅಂಚಿಗೆ ಸರಿಯುತ್ತದೆ, ಮಣ್ಣು ಮತ್ತು ತಿರುಳಿನ ಪುಡಿ ತಳಕ್ಕೆ ಇಳಿಯುತ್ತವೆ. ನೀವು ಟ್ರೇಯಲ್ಲಿ ಕೈಯಾಡಿಸಿ ‘ಕಲಸುವುದು’ ಎಂದು ಬರೆದಿದ್ದೀರಿ. ಕೈಯಾಡಿಸಿದಾಗ ಕಲಸುವುದಕ್ಕಿಂತ ಬೇರ್ಪಡುವುದೇ ಹೆಚ್ಚು. ಆಮೇಲೆ ಚಮಚವನ್ನು ರಾಶಿಯೊಳಗೆ ನೂಕಿದಾಗ ದುಂಡಗಿನ ಕಾಳು ಚಮಚಕ್ಕೆ ಬರುತ್ತದೆ, ಪುಡಿ ಟ್ರೇಯ ತಳದಲ್ಲಿ ಉಳಿಯುತ್ತದೆ, ಹಗುರಾದ ಸಿಪ್ಪೆ ಚಮಚದ ಅಂಚಿನಿಂದ ಹೊರಗೆ ಜಾರುತ್ತದೆ. 100 ಗ್ರಾಂ ಮುಟ್ಟಿಸಲು ಕೊನೆಗೆ ಚಿಟಿಕೆಯಷ್ಟು ಹಾಕುತ್ತೀರಲ್ಲ, ಆ ಚಿಟಿಕೆಯಲ್ಲಿ ಬೆರಳು ಯಾವುದನ್ನು ಹಿಡಿಯುತ್ತದೆ? ಗಟ್ಟಿ ಕಾಳನ್ನೇ ಹಿಡಿಯುತ್ತದೆ. ದಿನವೂ ಅದೇ ದಿಕ್ಕಿಗೆ ಆಗುವ ವಾಲುವಿಕೆ ಇದು.

ಆದ್ದರಿಂದ ಚಮಚ ಬಿಡಿ. ಮಾದರಿಯನ್ನು ಸಮ ಪಾಲು ಮಾಡುವ ಡಿವೈಡರ್ ಇದ್ದರೆ ಬಳಸಿ. ಶಂಕುವಿನಾಕಾರದ ಬೋರ್ನರ್ ಡಿವೈಡರ್‌ನಲ್ಲಿ ಕಾಳು ಮೇಲಿನ ಬುಟ್ಟಿಯಿಂದ ಶಂಕುವಿನ ತುದಿಯ ಮೇಲೆ ಬಿದ್ದು ಸುತ್ತಲೂ ಹರಡಿಕೊಂಡು ಸಣ್ಣ ಸಣ್ಣ ಕಾಲುವೆಗಳಿಗೆ ಇಳಿಯುತ್ತದೆ. ಒಂದು ಬಿಟ್ಟು ಒಂದು ಕಾಲುವೆ ಒಂದು ಬಟ್ಟಲಿಗೆ, ಉಳಿದವು ಇನ್ನೊಂದಕ್ಕೆ. ಪ್ರತಿ ಸಲ ಅರ್ಧವಾಗುತ್ತದೆ. 2 ಕಿಲೋ ಮಾದರಿ ನಾಲ್ಕು ಸಲ ಅರ್ಧವಾದರೆ 125 ಗ್ರಾಂ ಆಸುಪಾಸಿಗೆ ಬರುತ್ತದೆ. ಆ 125 ಗ್ರಾಂ ಅನ್ನು ಹಾಗೆಯೇ ಪೂರ್ತಿ ತೆಗೆದುಕೊಳ್ಳಿ, ತೂಕವನ್ನು ಇದ್ದಂತೆ ಬರೆಯಿರಿ, ಶೇಕಡಾವಾರು ಲೆಕ್ಕವನ್ನು ಆ ತೂಕದ ಮೇಲೆಯೇ ಹಾಕಿ. ದುಂಡು 100ಕ್ಕೆ ತರಬೇಕೆಂಬ ಆಸೆಯೇ ಮಾದರಿಯನ್ನು ಕೆಡಿಸುವ ಮೊದಲ ಕೈ. ಬಟ್ಟಲಿನ ತಳದಲ್ಲಿ ಉಳಿದ ಧೂಳೂ ಆ ಪಾಲಿಗೇ ಸೇರಿದ್ದು, ಬ್ರಷ್‌ನಿಂದ ಗುಡಿಸಿ ಸೇರಿಸಿ.

ಡಿವೈಡರ್ ಇಲ್ಲದಿದ್ದರೆ ಕಾಲುಪಾಲು ಮಾಡುವ ಹಳೆಯ ಕ್ರಮವೇ ಗತಿ. ರಾಶಿ ಮಾಡಿ, ಚಪ್ಪಟೆ ಮಾಡಿ, ನಾಲ್ಕು ಪಾಲು ಮಾಡಿ, ಎದುರುಬದುರಿನ ಎರಡು ಪಾಲುಗಳನ್ನು ಒಟ್ಟುಗೂಡಿಸಿ. ಈ ಕಾಳಿನ ಮಟ್ಟಿಗೆ ಇದು ಎರಡನೆಯ ದರ್ಜೆಯ ಉಪಾಯ. ಪಾಲು ತೆಗೆಯುವಾಗ ತಳದ ಪುಡಿಯ ಸಮೇತ ತೆಗೆಯದಿದ್ದರೆ ಮಾಡಿಯೂ ಪ್ರಯೋಜನವಿಲ್ಲ.

ಇನ್ನೊಂದು ವಿಷಯ ಕೇಳಿದರೆ ನಗುತ್ತೀರಿ. ಫ್ಯಾನ್ ನಿಲ್ಲಿಸಿ. ನಿಮ್ಮ ತಲೆಯ ಮೇಲೆ ಫ್ಯಾನ್ ತಿರುಗುತ್ತಿದ್ದರೆ ಕಸವನ್ನು ಅದೇ ಆರಿಸಿ ಬಿಸಾಡುತ್ತಿರುತ್ತದೆ, ನೀವು ಸುಮ್ಮನೆ ಸಂಬಳ ತೆಗೆದುಕೊಳ್ಳುತ್ತೀರಿ. ಪ್ಲಾಸ್ಟಿಕ್ ಟ್ರೇಯನ್ನೂ ಬದಲಿಸಿ. ಒಣ ಹವೆಯಲ್ಲಿ ಸಿಪ್ಪೆಯ ಚೂರುಗಳು ಸ್ಥಾಯೀ ವಿದ್ಯುತ್ತಿಗೆ ಪ್ಲಾಸ್ಟಿಕ್‌ಗೆ ಅಂಟಿಕೊಳ್ಳುತ್ತವೆ, ಟ್ರೇಯನ್ನು ಬೋರಲು ಹಾಕಿದರೂ ಬೀಳುವುದಿಲ್ಲ. ಆ ಚೂರುಗಳು ಒಂದು ಮಾದರಿಯಿಂದ ಇನ್ನೊಂದಕ್ಕೆ ಪ್ರಯಾಣ ಮಾಡುತ್ತವೆ. ಸ್ಟೀಲ್ ಅಥವಾ ಅಲ್ಯೂಮಿನಿಯಂ ಟ್ರೇ, ಅದರಲ್ಲಿ ಬಿಳಿ ಕಾಗದ. ಕಪ್ಪು ಕಾಳಿಗೆ ಬಿಳಿ ಹಿನ್ನೆಲೆ ಬೇಕೇಬೇಕು.

ಈಗ ನಿಮ್ಮ ಅಂಕಿಗಳಿಗೆ ಬರೋಣ. ನಿಮ್ಮ 3.9 ಹೇಗೆ ಬಂತೆಂದು ನನಗೆ ಕಾಣುತ್ತಿದೆ. 2000ಕ್ಕೆ 30 ಗ್ರಾಂ ದಪ್ಪ ಕಸ, ಅಂದರೆ ಶೇ. 1.5. ಉಳಿದ ಶೇ. 98.5ರಲ್ಲಿ 2.4ರಷ್ಟು, ಅಂದರೆ 2.36. ಕೂಡಿದರೆ 3.86. ಇದು ಸರಿಯಾದ ಲೆಕ್ಕ. ಈಗ ಅವರ ಅಂಕಿಯನ್ನು ನೋಡಿ: 2.5. ನಿಮ್ಮ ಎರಡನೆಯ ಹಂತದ 2.4ಕ್ಕೆ ಅದು ಎಷ್ಟು ಹತ್ತಿರ ಇದೆ! ಕಾಂಡದ ತುಂಡುಗಳನ್ನು ಅವರು ಏನು ಮಾಡಿದರು ಎಂದು ಒಮ್ಮೆ ಕೇಳಿ. ಡಿವೈಡರ್‌ನ ಕಾಲುವೆಗೆ ಕಾಂಡ ಸಿಕ್ಕಿಕೊಳ್ಳುತ್ತದೆ ಎಂದು ಮೊದಲೇ ತೆಗೆದು, ತೂಗದೆ, ಬುಟ್ಟಿಗೆ ಹಾಕಿರುತ್ತಾರೆ ಎಂಬುದು ನನ್ನ ಊಹೆ. ತೆಗೆಯುವುದು ಸರಿ, ತೆಗೆಯಲೇಬೇಕು. ತೂಗದೆ ತೆಗೆಯುವುದು ತಪ್ಪು.

ಹಾಳಾದ ಕಾಳಿನ 4 ಮತ್ತು 6ರ ಬಗ್ಗೆ ನಿದ್ದೆಗೆಡಬೇಡಿ. ಎಣ್ಣೆಯ ತಳಿಯ ಸಾವಿರ ಕಾಳು ಸುಮಾರು 50 ಗ್ರಾಂ ತೂಗುತ್ತದೆ ಎಂದು ಹಿಡಿದರೆ, 100 ಗ್ರಾಂನಲ್ಲಿ 2000 ಕಾಳು. ಲಾಟಿನಲ್ಲಿ ನಿಜವಾಗಿ ಶೇ. 5 ಹಾಳಾಗಿದ್ದರೆ ನಿಮ್ಮ ಪಾಲಿಗೆ 100 ಬರಬೇಕು. ಎಷ್ಟೇ ಚೆನ್ನಾಗಿ ಬೆರೆಸಿದ್ದರೂ ಅದೃಷ್ಟವೊಂದರಿಂದಲೇ ಆ ನೂರು ಎಂಬತ್ತಾಗಬಹುದು, ನೂರಿಪ್ಪತ್ತಾಗಬಹುದು. ಅಂದರೆ ಒಂದೇ ಡಬ್ಬದಿಂದ ಇಬ್ಬರು ಪ್ರಾಮಾಣಿಕರು 4 ಮತ್ತು 6 ಎಂದು ಬರೆಯುವುದು ಸಾಧ್ಯ. ಅದನ್ನು ಕಡಿಮೆ ಮಾಡಬೇಕಾದರೆ ಹೆಚ್ಚು ಕಾಳು ನೋಡಬೇಕು, ಬೇರೆ ದಾರಿಯಿಲ್ಲ.

ಆದರೆ ಹೇಗೆ ನೋಡುತ್ತೀರಿ ಎನ್ನುವುದು ಮುಖ್ಯ. ಕರಿಸಿಪ್ಪೆ ಎಲ್ಲವನ್ನೂ ಮುಚ್ಚಿಡುತ್ತದೆ. ಹೊರಗಿನಿಂದ ಎಲ್ಲ ಕಾಳೂ ಸಾಧುವೇ. ಬ್ಲೇಡ್ ಹಿಡಿದು ಉದ್ದುದ್ದಕ್ಕೆ ಸೀಳಿ ನೋಡಿ. ಒಳ್ಳೆಯ ತಿರುಳು ಕೆನೆಬಣ್ಣ. ರಾಶಿಯಲ್ಲಿ ಬಿಸಿಯಾಗಿ ಕೆಟ್ಟದ್ದು ಕಂದು ಬಣ್ಣಕ್ಕೆ ತಿರುಗಿರುತ್ತದೆ, ತೀರಾ ಕೆಟ್ಟದ್ದು ಕರಿಬಣ್ಣಕ್ಕೆ. ಸಿಪ್ಪೆಯ ಒಳಗೋಡೆಗೂ ತಿರುಳಿಗೂ ನಡುವೆ ಬೂದು ನೂಲು ಕಂಡರೆ ಅದು ಬೂಷ್ಟು. ಸಿಪ್ಪೆಯ ಮೇಲೆ ಸೂಜಿ ಚುಚ್ಚಿದಂಥ ದುಂಡು ರಂಧ್ರವಿದ್ದರೆ ಹುಳು ತಿಂದು ಹೊರಗೆ ಹೋಗಿದೆ ಎಂದರ್ಥ, ಒಳಗೆ ತಿರುಳು ಪೂರ್ತಿ ಇರುವುದಿಲ್ಲ. ಬಿಸಿಗೆ ಕೆಟ್ಟದ್ದನ್ನು ಬೇರೆಯಾಗಿಯೇ ಎಣಿಸಿ. ಅಮೆರಿಕದ ದರ್ಜೆ ನಿಯಮದಲ್ಲಿ ಮೊದಲ ದರ್ಜೆಗೆ ಒಟ್ಟು ಹಾಳು ಶೇ. 5ರವರೆಗೆ ಸಲ್ಲುತ್ತದೆ, ಬಿಸಿಗೆ ಕೆಟ್ಟದ್ದು ಮಾತ್ರ ಶೇ. 0.5 ದಾಟುವಂತಿಲ್ಲ. ಅದು ಕಟ್ಟುನಿಟ್ಟಾಗಿರುವುದಕ್ಕೆ ಕಾರಣವಿದೆ: ಬಿಸಿಯಾದ ಕಾಳು ಎಣ್ಣೆಯ ಬಣ್ಣ, ಆಮ್ಲತೆ ಎರಡನ್ನೂ ಕೆಡಿಸುತ್ತದೆ.

ಗೋದಾಮುಬಾಗಿಲು ಬರೆದದ್ದು:

ತಕ್ಕಡಿಮುಳ್ಳು ಅವರೇ, ಬರೆಯುವುದು ಸುಲಭ. ಹೊರಗೆ ಲಾರಿಗಳ ಸಾಲು ನಿಂತಿರುತ್ತದೆ, ಚಾಲಕ ಹಾರ್ನ್ ಹೊಡೆಯುತ್ತಿರುತ್ತಾನೆ. ಒಂದೊಂದು ಕಾಳನ್ನು ಸೀಳಿ ನೋಡುತ್ತಾ ಕುಳಿತರೆ ಗೇಟು ತೆರೆಯುವುದು ಯಾವಾಗ? ನಾವು ಕೈಯಲ್ಲಿ ಹಿಡಿಯುವ ಮೀಟರ್‌ನಿಂದ ತೇವಾಂಶ ನೋಡಿ, ಹಿಡಿ ಕಾಳು ಮೂಸಿ, ಒಳಗೆ ಬಿಡುತ್ತೇವೆ.

ತಕ್ಕಡಿಮುಳ್ಳು ಬರೆದದ್ದು:

ಗೇಟಿನ ಕೆಲಸ ಬೇರೆ, ದರ್ಜೆಯ ಕೆಲಸ ಬೇರೆ ಸ್ವಾಮಿ. ಒಳಗೆ ಬಿಡುವುದಕ್ಕೆ ಮೂಗು ಸಾಕು, ಹಣ ಕಡಿತ ಮಾಡುವುದಕ್ಕೆ ಸಾಲದು. ಮೂಸುವುದನ್ನು ನಾನೇನೂ ಹಗುರವಾಗಿ ಕಾಣುವುದಿಲ್ಲ. ಡಬ್ಬದ ಮುಚ್ಚಳ ತೆರೆದ ಕ್ಷಣವೇ ಮೂಸಬೇಕು, ಹರಡಿ ಕಾಲು ಗಂಟೆಯಾದ ಮೇಲೆ ಮೂಸಿದರೆ ವಾಸನೆ ಹೋಗಿರುತ್ತದೆ. ಮುಗ್ಗಲು ವಾಸನೆ, ಹುಳಿ ವಾಸನೆ, ಕಮಟು ವಾಸನೆ ಮೂರೂ ಬೇರೆ ಬೇರೆ. ಯಾವುದೆಂದು ಆಗಲೇ ಬರೆದಿಡಿ.

ಸಡಿಲ ಕಾಳಿನ ಲಾರಿಗೂ ಕ್ರಮವಿದೆ. 15 ಟನ್‌ವರೆಗೆ 5 ಕಡೆ, 15ರಿಂದ 30 ಟನ್‌ವರೆಗೆ 8 ಕಡೆ ಕೊಳವೆ ಇಳಿಸಬೇಕು, ಅದೂ ತಳದವರೆಗೆ. ಒಂದರೊಳಗೊಂದು ಕೊಳವೆ ಇರುವ ಉದ್ದನೆಯ ಸಾಧನ ನಿಮ್ಮಲ್ಲಿಯೂ ಇದ್ದೀತು. ಅದನ್ನು ಕಿಂಡಿ ಮುಚ್ಚಿಕೊಂಡು, ಕಿಂಡಿಯ ಮುಖ ಮೇಲಕ್ಕಿರುವಂತೆ, ನೆಟ್ಟಗೆ ಅಲ್ಲದೆ ತುಸು ಓರೆಯಾಗಿ ಇಳಿಸಿ. ತಳ ಮುಟ್ಟಿದ ಮೇಲೆ ಕಿಂಡಿ ತೆರೆದು, ಒಂದೆರಡು ಸಲ ಮೇಲೆ ಕೆಳಗೆ ಸಣ್ಣದಾಗಿ ಆಡಿಸಿ, ಮುಚ್ಚಿ ಹೊರಗೆಳೆಯಿರಿ. ತೆರೆದ ಕಿಂಡಿಯೊಂದಿಗೆ ಇಳಿಸಿದರೆ ಮೇಲಿನ ಪದರದ ಕಾಳೇ ಎಲ್ಲ ಕೋಣೆಗಳನ್ನೂ ತುಂಬಿಕೊಂಡುಬಿಡುತ್ತದೆ, ತಳದ ಕಾಳನ್ನು ನೋಡಿದೆವೆಂಬ ಭ್ರಮೆ ಮಾತ್ರ ಉಳಿಯುತ್ತದೆ. ಹೊರಬಂದ ಕಾಳನ್ನು ಉದ್ದನೆಯ ಬಟ್ಟೆಯ ಮೇಲೆ ಕೊಳವೆಯ ಕ್ರಮದಲ್ಲೇ ಸುರಿದು ಒಂದು ನೋಟ ನೋಡಿ. ಮೇಲೆ ಚಿನ್ನ, ಕೆಳಗೆ ಮಣ್ಣು ಎನ್ನುವ ಲಾರಿ ಅಲ್ಲಿಯೇ ಸಿಕ್ಕಿಬೀಳುತ್ತದೆ. ಹಾಗಿದ್ದರೆ ಎರಡನ್ನೂ ಬೆರೆಸಬೇಡಿ, ಬೇರೆ ಬೇರೆ ಮಾದರಿಯಾಗಿ ಬರೆಯಿರಿ.

ಇಳಿಸುವಾಗ ಬೀಳುವ ಧಾರೆಗೆ ಪಾತ್ರೆ ಒಡ್ಡುವ ಅವಕಾಶವಿದ್ದರೆ ಕೊಳವೆಗಿಂತ ಅದು ಮೇಲು. ಧಾರೆಯ ಈ ಅಂಚಿನಿಂದ ಆ ಅಂಚಿನವರೆಗೆ ಒಂದೇ ವೇಗದಲ್ಲಿ ಪಾತ್ರೆ ಹಾಯಬೇಕು, ಸಮ ಅಂತರದಲ್ಲಿ ಹಾಯಬೇಕು, ಪಾತ್ರೆ ತುಂಬಿ ಹೊರಚೆಲ್ಲಬಾರದು. ಧಾರೆಯ ನಡುವಿಗೆ ಮಾತ್ರ ಒಡ್ಡಿದರೆ ಹಗುರ ಕಸವೆಲ್ಲ ಪಕ್ಕದಲ್ಲಿ ಹಾರಿಹೋಗುತ್ತದೆ.

ಬೀಜಪರೀಕ್ಷಕಿ ಬರೆದದ್ದು:

ನಾನು ಬಿತ್ತನೆ ಬೀಜದ ಕಡೆಯವಳು, ನಮ್ಮಲ್ಲಿ ಮೊಳಕೆಯೇ ದೇವರು. ಆದರೂ ಎರಡು ಮಾತು ಸೇರಿಸುತ್ತೇನೆ.

ಒಂದು, ಮಾದರಿಯ ಗಾತ್ರ. ಅಂತರರಾಷ್ಟ್ರೀಯ ಬೀಜ ಪರೀಕ್ಷಾ ಸಂಘದ ನಿಯಮದಲ್ಲಿ ಸೂರ್ಯಕಾಂತಿಗೆ ಪ್ರಯೋಗಾಲಯಕ್ಕೆ ಕಳುಹಿಸಬೇಕಾದ ಮಾದರಿ 1000 ಗ್ರಾಂ, ಶುದ್ಧತೆ ನೋಡುವ ಪಾಲು 200 ಗ್ರಾಂ, ಇತರ ಜಾತಿಯ ಬೀಜಗಳನ್ನು ಎಣಿಸಲು ಮಾತ್ರ ಪೂರ್ತಿ 1000 ಗ್ರಾಂ. ಅಪರೂಪವಾದದ್ದನ್ನು ಹುಡುಕಲು ಇಡೀ ಮಾದರಿಯನ್ನೇ ನೋಡಬೇಕು. ಎಣ್ಣೆಗಾಗಿ ಕೊಳ್ಳುವವರಿಗೂ ಇದು ಅನ್ವಯಿಸುತ್ತದೆ. ಅರ್ಧ ಗ್ರಾಂ ತೂಗುವ ಒಂದೇ ಒಂದು ಕಲ್ಲು 100 ಗ್ರಾಂ ಪಾಲಿನಲ್ಲಿ ಸಿಕ್ಕರೆ ಶೇ. 0.5, ಸಿಗದಿದ್ದರೆ ಸೊನ್ನೆ. ಎರಡೂ ಸುಳ್ಳು. ಕಲ್ಲು, ಗಾಜು, ಹರಳು ಬೀಜ, ಇಲಿಯ ಹಿಕ್ಕೆ ಇವನ್ನು ಪಾಲು ಮಾಡುವ ಮೊದಲೇ ಪೂರ್ತಿ ಮಾದರಿಯಲ್ಲಿ ಹುಡುಕಿ ಎಣಿಸಿಕೊಳ್ಳಿ.

ಎರಡು, ಕಪ್ಪು ಗಂಟುಗಳು. ಸ್ಕ್ಲೆರೊಟೀನಿಯಾ ಎಂಬ ಶಿಲೀಂಧ್ರ ತಗುಲಿದ ಹೂತಟ್ಟೆಯಲ್ಲಿ ಗಟ್ಟಿಯಾದ ಕಪ್ಪು ಗಂಟುಗಳು ಬೆಳೆಯುತ್ತವೆ. ಕೊಯ್ಲಿನಲ್ಲಿ ಒಡೆದು ಕಾಳಿನಷ್ಟೇ ಗಾತ್ರಕ್ಕೆ, ಕಾಳಿನದೇ ಬಣ್ಣಕ್ಕೆ ಬರುತ್ತವೆ. ಜರಡಿಗೆ ಸಿಗುವುದಿಲ್ಲ, ಗಾಳಿಗೂ ಸುಲಭವಾಗಿ ತೂರುವುದಿಲ್ಲ. ಬಿಳಿ ಕಾಗದದ ಮೇಲೆ ಹರಡಿ ಹತ್ತಿರದಿಂದ ನೋಡಿದರೆ ಗುರುತು ಸಿಗುತ್ತದೆ: ಕಾಳಿಗೆ ಒಂದು ತುದಿ ಚೂಪು, ಮೈಮೇಲೆ ಸಣ್ಣ ಗೆರೆಗಳು, ಗಂಟಿಗೆ ಆಕಾರವೇ ಇಲ್ಲ, ಮೈ ತರಿತರಿ. ಅನುಮಾನ ಬಂದರೆ ಕತ್ತರಿಸಿ. ಕಾಳಿನೊಳಗೆ ಸಿಪ್ಪೆ ಬೇರೆ, ತಿರುಳು ಬೇರೆ. ಗಂಟಿನೊಳಗೆ ತೆಳ್ಳನೆಯ ಕಪ್ಪು ಸಿಪ್ಪೆಯ ಕೆಳಗೆ ಒಂದೇ ಸಮನೆ ಬಿಳಿಚಿದ ಗಟ್ಟಿ ಪದಾರ್ಥ. ಇದು ಕಸಕ್ಕೆ ಸೇರಬೇಕಾದದ್ದು. ಕಾಳೆಂದು ತಿಳಿದು ಬಿಟ್ಟುಬಿಡುವವರೇ ಹೆಚ್ಚು.

ಪಿಪೆಟ್‌ಹುಡುಗಿ ಬರೆದದ್ದು:

ಎಲ್ಲರಿಗೂ ಧನ್ಯವಾದ. ಆ ಪ್ರಯೋಗಾಲಯದವರಿಗೆ ಫೋನ್ ಮಾಡಿ ಕೇಳಿದೆ. ತಕ್ಕಡಿಮುಳ್ಳು ಸರ್ ಹೇಳಿದಂತೆಯೇ ಆಗಿದೆ. ಡಿವೈಡರ್ ಕಟ್ಟಿಕೊಳ್ಳುತ್ತದೆ ಎಂದು ಕಾಂಡದ ತುಂಡುಗಳನ್ನು ತೆಗೆದುಹಾಕುತ್ತಾರಂತೆ, ತೂಗುವುದಿಲ್ಲವಂತೆ. ಇನ್ನೂ ಎರಡು ಸಂಗತಿ ತಿಳಿದವು. ಎಣ್ಣೆಯ ಪರೀಕ್ಷೆಯನ್ನು ಅವರು ಕಸ ತೆಗೆದ ಶುದ್ಧ ಕಾಳಿನ ಮೇಲೆ ಮಾಡುತ್ತಾರೆ, ನಾನು ಬಂದ ಮಾದರಿಯನ್ನು ಕಸದ ಸಮೇತ ಅರೆಯುತ್ತೇನೆ. ಅವರಿಗೆ ಮಾದರಿ ಹೋದದ್ದು ಬಟ್ಟೆ ಚೀಲದಲ್ಲಿ, ನನಗೆ ಬಂದದ್ದು ಬಿಗಿಯಾದ ಪ್ಲಾಸ್ಟಿಕ್ ಡಬ್ಬದಲ್ಲಿ.

ಈಗ ಇನ್ನೆರಡು ಪ್ರಶ್ನೆಗಳು. ತೇವಾಂಶಕ್ಕೆ ಕಾಳನ್ನು ಅರೆಯಬೇಕೇ? ನಾನು ಅರೆದೇ ಇಡುತ್ತಿದ್ದೇನೆ, ಮಿಕ್ಸರ್‌ನ ಗೋಡೆಗೆ ಮೆತ್ತಿಕೊಳ್ಳುತ್ತದೆ. ಹಾಗೆಯೇ, ಒಣಗಿಸುವ ಯಂತ್ರದಿಂದ ಬಂದ ಕಾಳಿಗೆ ಮೀಟರ್ ಬೆಳಿಗ್ಗೆ ಒಂದು, ಮರುದಿನ ಇನ್ನೊಂದು ತೋರಿಸುತ್ತದೆ, ಏಕೆ?

ತಕ್ಕಡಿಮುಳ್ಳು ಬರೆದದ್ದು:

ಫೋನ್ ಮಾಡಿದ್ದು ಒಳ್ಳೆಯದಾಯಿತು. ಹೆಚ್ಚಿನವರು ಪತ್ರ ಬರೆದು ಜಗಳ ಮಾಡುತ್ತಾರೆ.

ಮೊದಲು ಲೆಕ್ಕ. ಅವರ ಎಣ್ಣೆ 43.9, ಶುದ್ಧ ಕಾಳಿನ ಮೇಲೆ. ಕಸದಲ್ಲಿ ಎಣ್ಣೆಯಿಲ್ಲವೆಂದು ಹಿಡಿದು, ನಿಮ್ಮ ಶೇ. 3.9 ಕಸವನ್ನು ಸೇರಿಸಿದರೆ 43.9ರ ಶೇ. 96.1, ಅಂದರೆ 42.2. ನಿಮ್ಮದು 41.8. ಎರಡು ಅಂಶದ ಅಂತರ 0.4ಕ್ಕೆ ಇಳಿಯಿತು. ಈಗ ತೇವಾಂಶ ಕಳೆದು ಒಣ ತೂಕಕ್ಕೆ ತನ್ನಿ. ಅವರದು 42.2ನ್ನು 0.921ರಿಂದ ಭಾಗಿಸಿದರೆ 45.8. ನಿಮ್ಮದು 41.8ನ್ನು 0.914ರಿಂದ ಭಾಗಿಸಿದರೆ 45.7. ಇಬ್ಬರೂ ಒಂದೇ ಕಾಳನ್ನು ನೋಡಿದ್ದೀರಿ, ಇಬ್ಬರ ಬಸಿಯುವ ಕೆಲಸವೂ ಸರಿ. ಯಾವ ಆಧಾರದ ಮೇಲೆ ಎಂದು ವರದಿಯಲ್ಲಿ ಬರೆಯದೇ ಇದ್ದದ್ದಷ್ಟೇ ಜಗಳಕ್ಕೆ ಕಾರಣ. ‘ಬಂದಂತೆ’, ‘ಕಸ ತೆಗೆದು’, ‘ಒಣ ತೂಕಕ್ಕೆ’ ಈ ಮೂರರಲ್ಲಿ ಯಾವುದೆಂದು ಪ್ರತಿ ಅಂಕಿಯ ಪಕ್ಕದಲ್ಲಿ ಬರೆಯಿರಿ. ಒಪ್ಪಂದದಲ್ಲಿ ಏನಿದೆಯೋ ಅದೇ ಅಂತಿಮ.

ಇನ್ನು 8.6 ಮತ್ತು 7.9. ಬಟ್ಟೆ ಚೀಲ ಉಸಿರಾಡುತ್ತದೆ, ದಾರಿಯಲ್ಲಿ ನೀರು ಬಿಟ್ಟುಕೊಟ್ಟಿದೆ. ತೇವಾಂಶದ ಮಾದರಿ ಗಾಳಿಯಾಡದ ಡಬ್ಬದಲ್ಲಿಯೇ ಇರಬೇಕು, ಕಂಠಮಟ್ಟ ತುಂಬಿರಬೇಕು. ಹಾಗೆಂದು ಎಲ್ಲವನ್ನೂ ಡಬ್ಬಕ್ಕೆ ತುರುಕಬೇಡಿ. ಹಸಿ ಕಾಳನ್ನು ಬಿಗಿಯಾಗಿ ಮುಚ್ಚಿಟ್ಟರೆ ಬೂಷ್ಟು ಹಿಡಿಯುತ್ತದೆ, ಆಮ್ಲತೆ ಏರುತ್ತದೆ, ಆಮೇಲೆ ಹಾಳಾದ ಕಾಳನ್ನು ಎಣಿಸಿ ಮಾರುವವನ ತಲೆಗೆ ಕಟ್ಟುತ್ತೀರಿ. ಎರಡು ಮಾದರಿ ತೆಗೆಸಿ: ಬಿಗಿ ಡಬ್ಬದ್ದು ತೇವಾಂಶಕ್ಕೆ, ಬಟ್ಟೆ ಅಥವಾ ಕಾಗದದ ಚೀಲದ್ದು ಉಳಿದದ್ದಕ್ಕೆ. ಡಬ್ಬವನ್ನು ಲಾರಿಯ ಮುಂಗಾಜಿನ ಹಿಂದೆ ಬಿಸಿಲಿಗೆ ಇಟ್ಟುಕೊಂಡು ಬರುವ ಪುಣ್ಯಾತ್ಮರಿದ್ದಾರೆ. ಮುಚ್ಚಳದ ಒಳಮೈಯಲ್ಲಿ ನೀರಿನ ಹನಿ ಕಂಡರೆ ಆ ಮಾದರಿಯನ್ನು ಹಾಗೆಯೇ ತೆರೆಯಬೇಡಿ. ಮುಚ್ಚಿದಂತೆಯೇ ಕೋಣೆಯ ಉಷ್ಣತೆಗೆ ಬರಲು ಬಿಟ್ಟು, ಅಲುಗಾಡಿಸಿ, ಹನಿ ಮರಳಿ ಕಾಳಿಗೆ ಸೇರಿದ ಮೇಲೆ ತೆರೆಯಿರಿ.

ಓವನ್ ತೇವಾಂಶಕ್ಕೆ ಅರೆಯಬೇಡಿ. ಅಂತರರಾಷ್ಟ್ರೀಯ ಮಾನಕ ಐಎಸ್‌ಒ 665ರ ಕ್ರಮದಲ್ಲಿ ಸೂರ್ಯಕಾಂತಿ ಇಡಿಯಾಗಿಯೇ ಓವನ್‌ಗೆ ಹೋಗುತ್ತದೆ, 103 ಡಿಗ್ರಿಯಲ್ಲಿ, ತೂಕ ಇಳಿಯುವುದು ನಿಲ್ಲುವವರೆಗೆ. ಅರೆಯುವಾಗ ಬಿಸಿಗೆ ನೀರು ಹಾರುತ್ತದೆ, ಮೆತ್ತಿಕೊಂಡ ತಿರುಳು ಪಾತ್ರೆಯಲ್ಲೇ ಉಳಿಯುತ್ತದೆ. ಎಣ್ಣೆಯ ಪರೀಕ್ಷೆಗೆ ಅರೆಯಲೇಬೇಕು, ಅಲ್ಲಿಯೂ ಇದೇ ತೊಂದರೆ: ನಾರಿನಂಥ ಸಿಪ್ಪೆ ಮೇಲಕ್ಕೆ ಹಾರುತ್ತದೆ, ತಿರುಳು ಗೋಡೆಗೆ ಬೆಣ್ಣೆಯಂತೆ ಅಂಟುತ್ತದೆ. ಅದೇ ಮಾದರಿಯ ಒಂದು ಹಿಡಿಯನ್ನು ಮೊದಲು ಅರೆದು ಬಿಸಾಡಿ, ಹಿಂದಿನ ಮಾದರಿಯ ಉಳಿಕೆ ಹೋಗಲಿ. ಆಮೇಲೆ ಸ್ವಲ್ಪ ಸ್ವಲ್ಪವಾಗಿ, ನಡುವೆ ನಿಲ್ಲಿಸಿ ನಿಲ್ಲಿಸಿ ಅರೆಯಿರಿ, ಗೋಡೆ ಕೆರೆದು ಸೇರಿಸಿ, ತಡಮಾಡದೆ ತೂಗಿ. ಅರೆದಿಟ್ಟ ಹಿಟ್ಟನ್ನು ಮರುದಿನಕ್ಕೆ ಇಡುವಂತಿಲ್ಲ. ಬಸಿಯುವಾಗ ಒಂದೇ ಸಲಕ್ಕೆ ಮುಗಿಸದೆ ನಡುವೆ ತೆಗೆದು ಮತ್ತೆ ಅರೆದು ಬಸಿಯುವುದನ್ನು ಐಎಸ್‌ಒ 659 ಹೇಳುತ್ತದೆ. ಅದನ್ನು ಬಿಟ್ಟುಬಿಟ್ಟರೆ ಸಿಪ್ಪೆಯ ಮಡಿಕೆಗಳಲ್ಲಿ ಎಣ್ಣೆ ಉಳಿಯುತ್ತದೆ.

ಮೀಟರ್ ಸುಳ್ಳು ಹೇಳುವುದಕ್ಕೆ ಕಾರಣ ಸಿಪ್ಪೆ. ಒಣಗಿಸುವ ಯಂತ್ರದಲ್ಲಿ ಮೊದಲು ಒಣಗುವುದು ಸಿಪ್ಪೆ, ತಿರುಳಿನ ನೀರು ಹೊರಬರಲು ಹೊತ್ತು ಬೇಕು. ಮೀಟರ್‌ಗೆ ಒಣ ಸಿಪ್ಪೆಯೇ ಹೆಚ್ಚು ಕಾಣುತ್ತದೆ, ಕಡಿಮೆ ಅಂಕಿ ತೋರಿಸುತ್ತದೆ. ಮಾದರಿಯನ್ನು ಮುಚ್ಚಿದ ಡಬ್ಬದಲ್ಲಿ ರಾತ್ರಿಯಿಡೀ ಬಿಟ್ಟು ಮತ್ತೆ ನೋಡಿದರೆ ನಿಜ ಹೊರಬೀಳುತ್ತದೆ. ಇದು ಅಂಕಿಯ ಆಟವಷ್ಟೇ ಎಂದುಕೊಳ್ಳಬೇಡಿ. ಎಣ್ಣೆಗೆ ನೀರು ಸೇರುವುದಿಲ್ಲ. ಶೇ. 45 ಎಣ್ಣೆಯಿರುವ ಕಾಳಿನಲ್ಲಿ ಶೇ. 10 ತೇವಾಂಶ ಎಂದರೆ ಉಳಿದ 55 ಪಾಲಿನಲ್ಲಿ 10, ಅಂದರೆ ಶೇ. 18. ಬೂಷ್ಟಿಗೆ ಬೇಕಾದದ್ದು ಅದೇ. ಧಾನ್ಯಕ್ಕೆ ನಡೆಯುವ ತೇವಾಂಶ ಈ ಕಾಳಿಗೆ ನಡೆಯದಿರುವುದು ಇದರಿಂದಲೇ.

ಬೀಜಪರೀಕ್ಷಕಿಯವರು ಹೇಳಿದ ಕಪ್ಪು ಗಂಟಿನ ಮಾತು ಬಹಳ ಸರಿ. ಅದರ ಜೊತೆಗೆ ಸಿಪ್ಪೆ ಸುಲಿದ ಕಾಳನ್ನೂ ಬೇರೆಯಾಗಿ ತೂಗಿ. ಅಮೆರಿಕದ ನಿಯಮದಲ್ಲಿ ಒಂದನೆಯ, ಎರಡನೆಯ ದರ್ಜೆಗಳೆರಡಕ್ಕೂ ಅದರ ಮಿತಿ ಶೇ. 5. ಸುಲಿದ ತಿರುಳು ಬೇಗ ಕಮಟುತ್ತದೆ, ಆದ್ದರಿಂದ ಮಿತಿ. ಆದರೆ ಡಬ್ಬವನ್ನು ಮೇಜಿನ ಮೇಲೆ ಕುಕ್ಕಿ, ಎತ್ತರದಿಂದ ಸುರಿದು, ಜರಡಿಯನ್ನು ಕುಟ್ಟಿ ಸುಲಿದ ಕಾಳನ್ನು ನಾವೇ ತಯಾರಿಸಿದರೆ ಅದಕ್ಕೆ ಮಾರುವವನು ಏನು ಮಾಡಬೇಕು? ಮೆಲ್ಲಗೆ ಕೆಲಸ ಮಾಡಿ.

ಗೋದಾಮುಬಾಗಿಲು ಬರೆದದ್ದು:

ಗಾತ್ರ ತೂಕ, ಅಂದರೆ ಗೊತ್ತಾದ ಅಳತೆಯ ಪಾತ್ರೆ ತುಂಬುವ ಕಾಳಿನ ತೂಕ, ಯಾವಾಗ ತೆಗೆಯಬೇಕು, ಕಸದ ಸಮೇತವೋ ಕಸ ತೆಗೆದ ಮೇಲೋ? ನಮ್ಮಲ್ಲಿ ಒಬ್ಬೊಬ್ಬರು ಒಂದೊಂದು ಹೇಳುತ್ತಾರೆ.

ತಕ್ಕಡಿಮುಳ್ಳು ಬರೆದದ್ದು:

ನಿಮ್ಮ ಒಪ್ಪಂದ ಯಾವ ನಿಯಮವನ್ನು ಹಿಡಿದಿದೆಯೋ ಅದರಂತೆ. ಅಮೆರಿಕದ ನಿಯಮದಲ್ಲಿ ಕಸ ತೆಗೆದ ಮೇಲೆ. ಅಲ್ಲಿಯ ಕನಿಷ್ಠ ಬುಶೆಲ್‌ಗೆ 25 ಪೌಂಡ್, ಅಂದರೆ 100 ಲೀಟರಿಗೆ ಸುಮಾರು 32 ಕಿಲೋ. ಯಾವ ಕ್ರಮವಾದರೂ ಪಾತ್ರೆಗೆ ಒಂದೇ ಎತ್ತರದಿಂದ ಕಾಳು ಬೀಳಲಿ, ತುಂಬಿದ ಮೇಲೆ ಪಾತ್ರೆಯನ್ನು ಅಲುಗಿಸಬೇಡಿ, ಮೇಲೆ ನಿಂತದ್ದನ್ನು ಅಂಕುಡೊಂಕಾಗಿ ಕೋಲಾಡಿಸಿ ಸಮ ಮಾಡಿ, ಕೈಯಿಂದ ಒತ್ತಬೇಡಿ. ತಟ್ಟಿ ತುಂಬಿಸಿದರೆ ಕಳಪೆ ಲಾಟು ಕೂಡ ಮೊದಲ ದರ್ಜೆಗೆ ಏರಿಬಿಡುತ್ತದೆ.

ಪಿಪೆಟ್‌ಹುಡುಗಿ ಬರೆದದ್ದು:

ಕೊನೆಯ ಪ್ರಶ್ನೆ. ಉಳಿದ ಮಾದರಿಯನ್ನು ಎಷ್ಟು ಕಾಲ ಇಡಬೇಕು, ಎಲ್ಲಿ?

ಬೀಜಪರೀಕ್ಷಕಿ ಬರೆದದ್ದು:

ಹಣದ ಲೆಕ್ಕ ತೀರಿ, ಇಬ್ಬರೂ ಫಲಿತಾಂಶ ಒಪ್ಪಿಕೊಳ್ಳುವವರೆಗಂತೂ ಇರಲೇಬೇಕು. ಅವಧಿ ಒಪ್ಪಂದದಲ್ಲಿ ಬರೆದಿದ್ದರೆ ಅದರಂತೆ. ತಂಪಾದ, ಬೆಳಕು ಬೀಳದ, ಇಲಿ ಹೋಗದ ಕಪಾಟು ಬೇಕು. ಪಾಲು ಮಾಡುವಾಗಲೇ ಡಿವೈಡರ್‌ನ ಇನ್ನೊಂದು ಬಟ್ಟಲಿನದನ್ನು ಇದಕ್ಕೆಂದು ತೆಗೆದಿಟ್ಟು ಇಬ್ಬರ ಎದುರಲ್ಲೂ ಮುದ್ರೆ ಹಾಕಿ. ಪರೀಕ್ಷೆಯಾಗಿ ಉಳಿದದ್ದನ್ನು ತುಂಬಿಸಿಟ್ಟರೆ ಅದು ಮರುಪರೀಕ್ಷೆಗೆ ಬರುವುದಿಲ್ಲ, ಕಸವನ್ನೆಲ್ಲ ನೀವೇ ಆರಿಸಿ ತೆಗೆದಿರುತ್ತೀರಿ. ಚೀಟಿ ಹೊರಗೊಂದು, ಒಳಗೊಂದು. ಒಳಗಿನದನ್ನು ಪೆನ್ಸಿಲ್‌ನಲ್ಲಿ ದಪ್ಪ ಕಾಗದದ ಮೇಲೆ ಬರೆಯಿರಿ, ಕಾಳಿನ ಎಣ್ಣೆಗೆ ಪೆನ್ನಿನ ಶಾಯಿ ಹರಡಿ ಲಾಟಿನ ಸಂಖ್ಯೆಯೇ ಓದಲು ಬಾರದಂತಾಗುತ್ತದೆ.

ತಕ್ಕಡಿಮುಳ್ಳು ಬರೆದದ್ದು:

ಚೀಟಿಯಲ್ಲಿ ಮಾದರಿ ತೆಗೆದವರ ಹೆಸರು, ದಿನ, ಹೊತ್ತು, ಚುಚ್ಚಿದ ಚೀಲಗಳ ಸಂಖ್ಯೆ, ಮಾದರಿಯ ಒಟ್ಟು ತೂಕ ಇರಲಿ. ತೂಕವನ್ನು ಬರೆಯದೆ ಬಿಡಬೇಡಿ. ಮುಂದೆ ಡಬ್ಬ ತೆರೆದಾಗ ತೂಕ ಇಳಿದಿದ್ದರೆ ನೀರು ಹೋಗಿದೆಯೋ ಕಾಳು ಹೋಗಿದೆಯೋ ಎಂದಾದರೂ ಕೇಳಬಹುದು.